ಒಂದು ಕಾಫಿ ಹಣ್ಣು, ಒಂದು ವಾರದ ಪಾಠ

ಸಂಸೆ, ಕಳಸದ ಮೇಷ್ಟ್ರೇ, ಟೀಚರೇ, ಕಾಫಿ ಕುಯ್ಲಿನ ದಿನಗಳಲ್ಲಿ ಒಂದು ವಾರ ಕಾಫಿಯನ್ನೇ ಪಾಠ ಮಾಡಿ ನೋಡಿ. ಮಗುವಿನ ಅಂಗೈಗೆ ಕೆಂಪು ಹಣ್ಣೊಂದನ್ನು ಕೊಡಿ, ಹಿಚುಕಲಿ. ಅಂಟಂಟು ಲೋಳೆಯೊಳಗಿಂದ ಎರಡು ಬೀಜ ಜಾರುತ್ತವೆ, ಒಮ್ಮೊಮ್ಮೆ ಒಂದೇ. ಯಾಕೆ ಅಂತ ಮಗುವೇ ಕೇಳುತ್ತದೆ, ವಿಜ್ಞಾನ ಅಲ್ಲೇ ಶುರು. ಕುಯ್ದ ಕೆಜಿಗೆ ಕೂಲಿ ಎಷ್ಟು ಎನ್ನುವುದು ಗಣಿತ. ಆದರೆ ತೋಟದವರ ಮಗುವೂ ಕೂಲಿಯವರ ಮಗುವೂ ಒಟ್ಟಿಗೆ ಕೂತಿರುತ್ತವೆ. ಹಾಗಾಗಿ ಮನೆಯ ಸಂಪಾದನೆ ಕೇಳಬೇಡಿ, ಲೆಕ್ಕಕ್ಕೆ ದರ ನೀವೇ ಕೊಡಿ. ಸೂಫಿ ಸಂತ ಬಾಬಾ ಬುಡನ್ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದರೆಂಬ ಕಥೆ ಹೇಳುತ್ತಾ ಭೂಪಟ ಬಿಡಿಸಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಆಟಗಳೊಂದಿಗೆ ಕಲಿತ ಮಕ್ಕಳಿಗೆ ಇಂಥ ಪಾಠ ಕಷ್ಟವಾಗದು. ಹಾಗೆಂದು ಎಲ್ಲವನ್ನೂ ಕಾಫಿಗೇ ಗಂಟು ಹಾಕಬೇಡಿ. ಮಗ್ಗಿಯನ್ನು ಬೇರೆಯಾಗಿಯೇ ಹೇಳಿಸಿ. ಕೊನೆಯ ದಿನ ಅಜ್ಜಿಯರನ್ನು ಕರೆಸಿ, ಹಳೆಯ ಕುಯ್ಲಿನ ಕಥೆಗಳನ್ನು ಮಕ್ಕಳೇ ಬರೆದುಕೊಳ್ಳಲಿ.