ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳುವ ಮುನ್ನ

ಚಿ. ರಮ್ಯಾಳಿಗೆ,

ಆಲ್ಟೋದ ಗೇರ್ ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಿದ್ದಾಯಿತು, ನಾಳೆ ಬಿಡಿಸಿಕೊಂಡು ಶನಿವಾರ ಸಕಲೇಶಪುರದಿಂದ ಮಂಗಳೂರಿಗೆ ಹೊರಡುತ್ತೇನೆ ಅಂದೆಯಲ್ಲ. ಕಾರು ಬಿಡಿಸಿಕೋ. ಶಿರಾಡಿ ಘಾಟಿಯನ್ನು ಮಾತ್ರ ಸ್ವಲ್ಪ ದಿನ ಮುಂದಕ್ಕೆ ಹಾಕು. ಹೊಸ ಪ್ಲೇಟು ಫ್ಲೈವೀಲಿಗೆ ಹೊಂದಿಕೊಂಡು ಕೂರಲು ನಾಲ್ಕೈದು ನೂರು ಕಿಲೋಮೀಟರ್ ಊರೊಳಗಿನ ಮೆತ್ತನೆ ಓಡಾಟ ಬೇಕು. ಹೋಗುವಾಗ ಇಳಿಜಾರು, ಸರಿ. ಬರುವಾಗ ಗುಂಡ್ಯದಿಂದ ಮೇಲಕ್ಕೆ ಲಾರಿ ಸಾಲಿನ ಹಿಂದೆ ಹಾಫ್ ಕ್ಲಚ್‌ನಲ್ಲಿ ತೆವಳಿದೆಯೋ, ಕೊಟ್ಟ ದುಡ್ಡು ಸುಟ್ಟ ವಾಸನೆಯಾಗಿ ಹೋಗುತ್ತದೆ.

ಬೆಳಿಗ್ಗೆ ಬೇಗ ಹೋಗು. ಬಾನೆಟ್ ಮುಟ್ಟಿ ನೋಡು, ತಣ್ಣಗಿರಬೇಕು. ನೀನು ಬರುವ ಹೊತ್ತಿಗೆ ಗ್ಯಾರೇಜಿನವರು ಒಂದು ಸುತ್ತು ಹೊಡೆದು ಬಿಸಿ ಮಾಡಿಟ್ಟಿದ್ದರೆ ಗೇರುಗಳು ಬೆಣ್ಣೆಯಂತೆ ಬೀಳುತ್ತವೆ, ಏನೂ ಗೊತ್ತಾಗುವುದಿಲ್ಲ. ‘ಮನೆಯವರನ್ನು ಕಳಿಸಿ ಮೇಡಂ, ಅವರಿಗೆ ವಿವರಿಸ್ತೀವಿ’ ಅನ್ನುವವರು ಇದ್ದೇ ಇರುತ್ತಾರೆ. ಓಡಿಸುವವಳು ನಾನೇ, ನನಗೇ ಹೇಳಿ ಅನ್ನು.

ಇಷ್ಟು ವರ್ಷ ವರ್ಕ್‌ಶಾಪಿನಲ್ಲಿ ಕೈ ಕಪ್ಪು ಮಾಡಿಕೊಂಡವನಾಗಿ ಹೇಳುತ್ತೇನೆ: ಗೇರ್ ಬಾಕ್ಸ್ ಕೆಲಸ ಆದ ಮೇಲೆ ಬರುವ ತಕರಾರು ಹೆಚ್ಚಾಗಿ ಗೇರ್ ಬಾಕ್ಸಿನ ಒಳಗೆ ಇರುವುದಿಲ್ಲ. ಅದನ್ನು ಇಳಿಸಲು ಏನೇನು ಬಿಚ್ಚಿದರೋ ಅಲ್ಲಿರುತ್ತದೆ. ನಿನ್ನದು ಮುಂದಿನ ಚಕ್ರ ಎಳೆಯುವ ಕಾರು. ಗೇರ್ ಬಾಕ್ಸ್ ಹೊರಗೆ ಬರಬೇಕಾದರೆ ಚಕ್ರ ಬಿಚ್ಚಬೇಕು, ಎರಡೂ ಕಡೆಯ ಡ್ರೈವ್ ಶಾಫ್ಟ್ ಎಳೆಯಬೇಕು, ಮೌಂಟಿಂಗ್ ಸಡಿಲಿಸಬೇಕು, ಬ್ಯಾಟರಿ ತೆಗೆಯಬೇಕು, ಗೇರ್ ಲಿವರಿನ ಎರಡು ಕೇಬಲ್ ಕಳಚಬೇಕು. ಹಾಗಾಗಿ ಮೊದಲು ಚಕ್ರದ ನಟ್ ಪಾನಾ ಹಾಕಿಸಿ ನಿನ್ನೆದುರಿಗೇ ಬಿಗಿ ನೋಡಿಸು. ಇದನ್ನು ಕೇಳಲು ಯಾವ ಸಂಕೋಚವೂ ಬೇಡ.

ಆಮೇಲೆ ಅರ್ಥ್ ವೈರು. ಬ್ಯಾಟರಿಯ ನೆಗೆಟಿವ್ ಕಡೆಯಿಂದ ಗೇರ್ ಬಾಕ್ಸಿನ ಮೈಗೆ ಬರುವ ದಪ್ಪ ವೈರಿದೆಯಲ್ಲ, ಅದನ್ನು ಮರೆತು ಬಿಟ್ಟರೂ ಕೆಲವೊಮ್ಮೆ ಗಾಡಿ ಸ್ಟಾರ್ಟ್ ಆಗಿಬಿಡುತ್ತದೆ. ಹೇಗೆಂದರೆ ಸ್ಟಾರ್ಟರಿನ ಅಷ್ಟೂ ಕರೆಂಟು ಕ್ಲಚ್ ಕೇಬಲ್ಲಿನ ಉಕ್ಕಿನ ಎಳೆ, ಗೇರ್ ಕೇಬಲ್ಲು, ಹೀಗೆ ಸಿಕ್ಕ ದಾರಿ ಹಿಡಿದು ವಾಪಸಾಗುತ್ತದೆ. ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗುತ್ತದೆ, ಕೆಲವು ದಿನಕ್ಕೆ ಪೆಡಲ್ ಬಿಗಿಯಾಗುತ್ತದೆ. ಆಗ ಕೇಬಲ್ಲೇ ಕಳಪೆ ಅಂತ ಅದನ್ನು ಬದಲಿಸುತ್ತಾರೆ. ಅದೂ ಹಾಗೇ ಆಗುತ್ತದೆ. ಕಾರಣ ಅರ್ಥ್ ವೈರಿನ ಒಂದು ಬೋಲ್ಟು. ಅದು ಎಲ್ಲಿದೆ ತೋರಿಸಿ ಅಂತ ಕೇಳಿ, ಕೈಯಿಂದ ಅಲ್ಲಾಡಿಸಿ ನೋಡು. ರಿವರ್ಸ್ ಹಾಕಿದಾಗ ಹಿಂದಿನ ಬಿಳಿ ದೀಪ ಹತ್ತುತ್ತದೆಯೇ, ಓಡುವಾಗ ಸ್ಪೀಡೋಮೀಟರ್ ಮುಳ್ಳು ಏಳುತ್ತದೆಯೇ ಅನ್ನುವುದನ್ನೂ ಗಮನಿಸು. ಅವುಗಳ ವೈರಿನ ಸಾಕೆಟ್ ಹಾಕಲು ಮರೆಯುವುದು ಮಾಮೂಲಿ.

ಈಗ ಪೆಡಲ್. ಎಂಜಿನ್ ಆಫ್ ಇರುವಾಗ ಕೈಯಲ್ಲೇ ಮೆಲ್ಲಗೆ ಒತ್ತು. ಭಾರ ಸಿಗುವ ಮೊದಲು ಬೆರಳಿನ ದಪ್ಪದಷ್ಟು ಸಲೀಸಾಗಿ ಹೋಗಬೇಕು. ಅದೇ ಫ್ರೀ ಪ್ಲೇ. ಸಣ್ಣ ಕಾರುಗಳಲ್ಲಿ ಸುಮಾರು 15ರಿಂದ 25 ಮಿ.ಮೀ., ನಿನ್ನ ಕಾರಿನ ಲೆಕ್ಕ ಅದರ ಪುಸ್ತಕದಲ್ಲಿದೆ. ಸ್ವಲ್ಪವೂ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು ಪ್ಲೇಟ್ ಜಾರುತ್ತದೆ. ತೀರಾ ಹೆಚ್ಚಿದ್ದರೆ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ. ಬಿಡುತ್ತಿದೆಯೋ ಇಲ್ಲವೋ ತಿಳಿಯಬೇಕೆ? ಎಂಜಿನ್ ಐಡಲಿನಲ್ಲಿರಲಿ, ಪೆಡಲ್ ಪೂರ್ತಿ ಒತ್ತಿ, ಮೂರ್ನಾಲ್ಕು ಸೆಕೆಂಡ್ ತಡೆದು ರಿವರ್ಸ್ ಹಾಕು. ಇಂಥ ಸಣ್ಣ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಇರುವುದಿಲ್ಲ, ಆದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಅಷ್ಟು ತಡೆದ ಮೇಲೂ ಕರ್ ಅಂತ ಕಡಿದರೆ ಕ್ಲಚ್ ಎಳೆಯುತ್ತಿದೆ ಎಂದರ್ಥ.

ನ್ಯೂಟ್ರಲ್‌ನಲ್ಲಿಟ್ಟು ಕಿವಿಗೊಡು. ಕಾಲಿಟ್ಟು ಒತ್ತಿದಾಗ ಹುಟ್ಟುವ ಗರಗರ ರಿಲೀಸ್ ಬೇರಿಂಗಿನದು. ಕಾಲು ತೆಗೆದಾಗ ಕೇಳಿಸಿ, ಒತ್ತಿದೊಡನೆ ಅಡಗುವುದು ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು. ಇವೆರಡರ ವ್ಯತ್ಯಾಸ ನೀನು ಹೇಳಿದರೆ ಸಾಕು, ಮೇಸ್ತ್ರಿಯ ಮಾತಿನ ಧಾಟಿಯೇ ಬದಲಾಗುತ್ತದೆ.

ಲಿವರ್ ಐದೂ ಗೇರಿಗೆ ಖಚಿತವಾಗಿ ಬೀಳಬೇಕು, ನ್ಯೂಟ್ರಲಿಗೆ ಬಂದಾಗ ತಾನಾಗಿ ಮಧ್ಯಕ್ಕೆ ನಿಲ್ಲಬೇಕು. ಒಂದನೆಯದಕ್ಕೆ ಹಾಕಿದಾಗ ಮೂರಕ್ಕೆ ಹೋಗುತ್ತಿದ್ದರೆ ಕೇಬಲ್ ಹೊಂದಿಸಿಲ್ಲ, ಇಲ್ಲವೇ ಕ್ಲಿಪ್ ಕೂತಿಲ್ಲ. ಗೇರ್ ಬಾಕ್ಸ್ ಮತ್ತೆ ಇಳಿಸಬೇಕಿಲ್ಲ. ತಣ್ಣಗಿರುವಾಗ ಎರಡನೆಯದು ಮಾತ್ರ ಗಟ್ಟಿಯಾಗಿದ್ದರೆ ಯಾವ ಆಯಿಲ್ ಹಾಕಿದಿರಿ ಎಂದು ಕೇಳು. ಸಿಂಕ್ರೊ ರಿಂಗುಗಳು ಸಾಮಾನ್ಯವಾಗಿ ಹಿತ್ತಾಳೆಯವು. ಜಿಎಲ್-4 ಗ್ರೇಡಿನ ಆಯಿಲ್ ಹಾಕಬೇಕಾದಲ್ಲಿ ಜಿಎಲ್-5 ಸುರಿದರೆ ಅದರಲ್ಲಿನ ಗಂಧಕದ ಅಂಶ ಅವಕ್ಕೆ ಒಳ್ಳೆಯದಲ್ಲ.

ಟ್ರಯಲಿಗೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಓಡಿಸು. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಪ್ಲೇಟಿಗೆ ಎಣ್ಣೆ ತಾಗಿರಬಹುದು, ಫ್ಲೈವೀಲ್ ಲೇತಿಗೆ ಹಾಕದೆ ಹಾಗೇ ಕೂರಿಸಿರಬಹುದು, ಅಥವಾ ಮೌಂಟಿಂಗ್ ಸಡಿಲವಿರಬಹುದು. ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಒತ್ತು: ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಮಾಡಿಸಿ ತೋರಿಸುತ್ತೇನೆ ಅಂತ ಮೇಸ್ತ್ರಿ ಅಂದರೆ ಬೇಡ ಅನ್ನು, ಹೊಸ ಪ್ಲೇಟಿಗೆ ಆ ಶಿಕ್ಷೆ ಯಾಕೆ? ಇನ್ನೊಂದು ನೋಡಬೇಕಾದ್ದು ಇಳಿಜಾರಿನಲ್ಲಿ. ಎರಡು, ಮೂರನೇ ಗೇರಿನಲ್ಲಿ ಕಾಲು ತೆಗೆದು ಎಂಜಿನ್ ತಡೆಯಲು ಬಿಡು. ಲಿವರ್ ತಾನಾಗಿ ಹಾರಿ ನ್ಯೂಟ್ರಲಿಗೆ ಬಂದರೆ ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಬಾ. ಘಾಟಿಯಲ್ಲಿ ಹಾಗಾದರೆ ಬರೀ ಬ್ರೇಕಿನ ಮೇಲೆ ಇಳಿಯಬೇಕಾಗುತ್ತದೆ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ರಾತ್ರಿ ಗಾಡಿಯಡಿ ಎರಡೂ ಡ್ರೈವ್ ಶಾಫ್ಟಿನ ನೇರಕ್ಕೆ ರಟ್ಟು ಹಾಸಿಡು. ಆಯಿಲ್ ಸೀಲ್ ಹಳೆಯದನ್ನೇ ಬಿಟ್ಟಿದ್ದರೆ ಬೆಳಿಗ್ಗೆ ಕಲೆ ಕಾಣುತ್ತದೆ. ಹಳೇ ಪ್ಲೇಟು, ಬೇರಿಂಗು ಕೇಳಿ ತಂದುಕೋ. ಬಿಲ್ಲಿನಲ್ಲಿ ‘ಗೇರ್ ಬಾಕ್ಸ್ ಕೆಲಸ’ ಅಂತ ಒಂದೇ ಸಾಲು ಬೇಡ. ಹಾಕಿದ ಪಾರ್ಟಿನ ಹೆಸರು, ಆಯಿಲಿನ ಗ್ರೇಡು, ಕಿಲೋಮೀಟರ್ ರೀಡಿಂಗ್ ಬರೆಸು. ಐನೂರು ಕಿಲೋಮೀಟರ್ ಆದ ಮೇಲೆ ಫ್ರೀ ಪ್ಲೇ ಮತ್ತೆ ನೋಡಿಕೊಡುತ್ತೀರಾ ಅಂತ ಈಗಲೇ ಮಾತಾಡಿಕೊಂಡು ಬಾ.



ಇಂತಿ,
ನಿನ್ನ ಮಾವ