ಗುಲಗಂಜಿ ಹುಳುವಿನ ಉಪಕಾರ

ಕೀಟವೆಂದೊಡನೆ ಪೈರಿನ ಶತ್ರುವೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಕೀಟಗಳನ್ನೇ ತಿಂದು ಬದುಕುವ ಕೀಟಗಳೂ ಹಲವಿವೆ. ಅಂತಹ ಒಂದು ಪುಟ್ಟ ಹುಳುವಿನಿಂದ ಒಂದು ನಾಡಿನ ಕಿತ್ತಳೆ ತೋಟಗಳು ಉಳಿದುಕೊಂಡ ವೃತ್ತಾಂತವನ್ನು ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ತಿಳಿಯತಕ್ಕದ್ದು.

ಆಸ್ಟ್ರೇಲಿಯಾದಿಂದ ಗಿಡಗಳೊಡನೆ ಬಂದ ಶಲ್ಕಕೀಟವೊಂದು 1880ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳನ್ನು ಮುತ್ತಿತು. ಹತ್ತಿಯ ಮೆತ್ತೆಯಂತಹ ಬಿಳಿಯ ಮೊಟ್ಟೆಚೀಲವನ್ನು ಹೊತ್ತು, ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಈ ಕೀಟಕ್ಕೆ ಯಾವ ಔಷಧಿಯೂ ನಾಟಲಿಲ್ಲ. ಬೆಳೆಗಾರರು ಕೆಲವರು ಮರಗಳನ್ನೇ ಕಡಿದು ಸುಟ್ಟರು. ತನ್ನ ತವರಿನಲ್ಲಿ ಇದು ಇಷ್ಟು ಹಾವಳಿ ಮಾಡದಿರುವುದೇಕೆ? ಅಲ್ಲಿ ಇದನ್ನು ತಿನ್ನುವ ಜೀವಿಯೊಂದು ಇದ್ದಿರಲೇಬೇಕು. ಈ ತರ್ಕದಿಂದಲೇ 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞರನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಲಾಯಿತು. ಅವರು ಹಡಗಿನಲ್ಲಿ ಕಳುಹಿಸಿದ ವೆಡಾಲಿಯಾ ಎಂಬ ಗುಲಗಂಜಿ ಹುಳುಗಳನ್ನು ಲಾಸ್ ಏಂಜಲೀಸಿನಲ್ಲಿ, ಬಟ್ಟೆಯ ಗುಡಾರ ಹೊದಿಸಿದ ಒಂದು ಕಿತ್ತಳೆ ಮರದ ಮೇಲೆ ಬಿಟ್ಟರು. ಕೆಂಪು ಮೈ, ಕಪ್ಪು ಮಚ್ಚೆ. ಗಾತ್ರದಲ್ಲಿ ಗುಲಗಂಜಿಗಿಂತಲೂ ಚಿಕ್ಕದು. ಶತ್ರುವಿನ ಮೊಟ್ಟೆಚೀಲದ ಮೇಲೆಯೇ ಇದು ಮೊಟ್ಟೆಯಿಡುತ್ತದೆ. ಮರಿಗಳು ಹುಟ್ಟಿದೊಡನೆ ಚೀಲದೊಳಕ್ಕೆ ನುಗ್ಗಿ ಅಲ್ಲಿನ ಮೊಟ್ಟೆಗಳನ್ನು ತಿನ್ನತೊಡಗುತ್ತವೆ. ಮರದ ಮೇಲಿನ ಕೀಟ ಮುಗಿದ ಬಳಿಕ ಗುಡಾರವನ್ನು ತೆರೆದರು. 1889 ಕಳೆಯುವುದರೊಳಗೆ ಹಾವಳಿ ಅಡಗಿತು.

ಇದೇ ಶಲ್ಕಕೀಟವು 1928ರಲ್ಲಿ ನಮ್ಮ ನೀಲಗಿರಿಯ ವ್ಯಾಟಲ್ ಮರಗಳಲ್ಲಿ ಕಾಣಿಸಿಕೊಂಡಾಗ, ಇದೇ ಹುಳುವನ್ನು ತರಿಸಿ ಬಿಡಲಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1940ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ತೋಟಗಳಿಗೆ ಡಿ.ಡಿ.ಟಿ. ಸಿಂಪಡಿಸಿದರು. ಆ ವಿಷಕ್ಕೆ ಗುಲಗಂಜಿ ಹುಳುಗಳು ಸತ್ತುವು. ಅಡಗಿದ್ದ ಶಲ್ಕಕೀಟ ಮರಳಿ ಹೆಚ್ಚಿತು. ಕಾವಲುಗಾರನನ್ನು ಕೊಂದ ಮನೆಗೆ ಕಳ್ಳನು ಬಾರದಿರುವನೆ?

ನಮ್ಮ ಹಿತ್ತಿಲ ಅವರೆ, ಅಲಸಂದೆಯ ಕುಡಿಗಳಿಗೆ ಮುತ್ತುವ ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳೂ ಇವೆ. ಅವುಗಳ ಮರಿಗಳು ತಾಯಿಯನ್ನು ಹೋಲುವುದಿಲ್ಲ. ಪುಟ್ಟ ಮೊಸಳೆಯಂತೆ ನೀಳವಾಗಿ, ಕಪ್ಪಾಗಿ, ಕಿತ್ತಳೆ ಬಣ್ಣದ ಚುಕ್ಕೆಗಳಿಂದ ಕೂಡಿರುವುದುಂಟು. ಪೀಡೆಯೆಂದು ಬಗೆದು ಇವುಗಳನ್ನು ಹೊಸಕಿಹಾಕುವವರೇ ಹೆಚ್ಚು. ಹಾಗೆಂದು ಚುಕ್ಕೆಯ ಹುಳುಗಳೆಲ್ಲವೂ ಮಿತ್ರರಲ್ಲ. ಬದನೆಯ ಎಲೆಯನ್ನು ಕೆರೆದು ಜರಡಿಯಂತೆ ಮಾಡುವ ಹುಳುವೂ ಇದೇ ಕುಲದ್ದು. ಅದರ ಬೆನ್ನು ಮಿರುಗುವುದಿಲ್ಲ, ಚುಕ್ಕೆಗಳು ಬಹಳ. ಮರಿಗಳು ಹಳದಿಯಾಗಿ ಮುಳ್ಳುಮುಳ್ಳಾಗಿರುತ್ತವೆ. ಹಿತ್ತಿಲ ನಾಲ್ಕಾರು ಗಿಡಗಳಾದರೆ ಅವನ್ನು ಕೈಯಿಂದಲೇ ಆಯ್ದು ಸಾಬೂನು ನೀರಿಗೆ ಹಾಕಬಹುದು.