ರಾಜೀನಾಮೆ ಬರೆಯುವ ಮುಂಚೆ

ನೋಡು ಮಗಳೇ, ಸಾಫ್ಟ್‌ವೇರ್ ಕೆಲಸ ಬಿಟ್ಟು ನರ್ಸಿಂಗ್ ಓದುತ್ತೇನೆ ಅಂತ ನೀನು ಹೇಳಿದ್ದಕ್ಕೆ ಮನೆಯಲ್ಲಿ ಎಲ್ಲರೂ ಒಂದೇ ಉಸಿರಿಗೆ ಬೇಡ ಅಂದರು. ನಾನು ಬೇಡ ಅನ್ನುವುದಿಲ್ಲ. ನನ್ನ ವಯಸ್ಸೆಲ್ಲ ವಾರ್ಡಿನಲ್ಲೇ ಕಳೆಯಿತು. ಮೂವತ್ತೊಂದರ ಬುದ್ಧಿವಂತೆಯೊಬ್ಬಳು ತಾನಾಗಿ ಈ ಕೆಲಸವನ್ನು ಹುಡುಕಿಕೊಂಡು ಬಂದರೆ ನನಗೆ ಸಂತೋಷವೇ. ಆದರೆ ರಾಜೀನಾಮೆ ಬರೆಯುವ ಮುಂಚೆ ದೊಡ್ಡಮ್ಮನ ಮಾತು ಸ್ವಲ್ಪ ಕೇಳಿಸಿಕೋ.

ಮೊದಲು ಕಾಗದಪತ್ರ. ನಿನ್ನ ಬಿ.ಇ. ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಕಾಲೇಜಿನವರು ಕೇಳುವುದು ಪಿಯುಸಿ ಅಂಕಪಟ್ಟಿ. ನೀನು ಓದಿದ್ದು ಪಿಸಿಎಂಸಿ, ಬಯಾಲಜಿ ಇಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಇರಬೇಕು. ನಿನಗೆ ಉಳಿಯುವುದು ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ. ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಂಡಿದ್ದರೂ ನಡೆಯುತ್ತದೆ, ಒಟ್ಟಾರೆ ಮತ್ತು ಇಂಗ್ಲಿಷ್‌ನಲ್ಲಿ ಶೇ. 40 ಇದ್ದರಾಯಿತು. ವಯಸ್ಸು ಮಾತ್ರ 17ರಿಂದ 35ರೊಳಗಿರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಹಾಗಾಗಿ ‘ಇನ್ನೆರಡು ಅಪ್ರೈಸಲ್ ಮುಗಿಯಲಿ’ ಅಂತ ಮುಂದೂಡುತ್ತಾ ಹೋಗಬೇಡ. ಜಿಎನ್‌ಎಂ ಆದಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಿದರೆ ಬಿ.ಎಸ್ಸಿ. ಪದವಿಯೂ ಸಿಗುತ್ತದೆ. 2023ರಲ್ಲಿ ಹೊಸ ನರ್ಸಿಂಗ್ ಕಾಯ್ದೆ ಬಂದಿದೆ, ನಿಯಮಗಳು ಬದಲಾಗುವ ಕಾಲ. ಸೇರುವ ವರ್ಷ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲೇ ವಿಚಾರಿಸು.

ಏಜೆಂಟರನ್ನಂತೂ ಕೇಳಲೇಬೇಡ. ನೀನು ಕೆಲಸದಲ್ಲಿರುವವಳು ಅಂತ ಗೊತ್ತಾದ ಕೂಡಲೇ ‘ಮೇಡಂ, ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು, ಹಾಜರಾತಿ ನಾವು ನೋಡ್ಕೋತೀವಿ’ ಅನ್ನುತ್ತಾರೆ. ಹಾಗೆ ಪಾಸಾಗಿ ಬಂದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಕ್ಯಾನುಲಾ ಹಿಡಿದರೆ ಕೈ ನಡುಗುತ್ತದೆ. ಆ ನಡುಕದ ಬೆಲೆ ತೆರುವುದು ರೋಗಿ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುವ ನಿಯಮ ಸುಮ್ಮನೆ ಮಾಡಿದ್ದಲ್ಲ. ಸೀಟು ನೋಡಲು ಹೋದಾಗ ಕಟ್ಟಡ, ಲ್ಯಾಬು ನೋಡಿ ಬಂದುಬಿಡಬೇಡ. ಬೆಳಗ್ಗೆ ಹತ್ತು ಗಂಟೆಗೆ ಆ ಆಸ್ಪತ್ರೆಯ ವಾರ್ಡಿಗೆ ಹೋಗು. ಹಾಸಿಗೆಯಲ್ಲಿ ರೋಗಿಗಳಿದ್ದಾರಾ, ವಿದ್ಯಾರ್ಥಿಗಳು ಅವರ ಪಕ್ಕದಲ್ಲಿ ನಿಂತಿದ್ದಾರಾ, ಕಣ್ಣಾರೆ ನೋಡು.

ಈಗ ಮುಖ್ಯ ಮಾತು. ನಿಮ್ಮಪ್ಪ ಐಸಿಯುನಲ್ಲಿದ್ದಾಗ ಸಿಸ್ಟರ್ ಒಬ್ಬರು ರಾತ್ರಿಯಿಡೀ ನೋಡಿಕೊಂಡರು, ಅಲ್ಲಿಂದ ನಿನಗೆ ಈ ಆಸೆ ಹುಟ್ಟಿತು ಅಂದೆ. ಒಳ್ಳೆಯದು. ಆದರೆ ಆ ಸಿಸ್ಟರ್ ಏನು ಮಾಡುತ್ತಿದ್ದರು ಅನ್ನುವುದನ್ನು ನೀನು ಪೂರ್ತಿ ಕಂಡಿರಲಾರೆ. ಹೆರಿಗೆ ವಾರ್ಡಿನದೊಂದು ಉದಾಹರಣೆ ಹೇಳುತ್ತೇನೆ, ನಾನು ಹೆಚ್ಚು ಕಾಲ ಇದ್ದದ್ದು ಅಲ್ಲೇ. ಹೆರಿಗೆಯಾಗಿ ಗಂಟೆಯೂ ಆಗಿಲ್ಲ. ತಾಯಿ ಮಲಗಿದ್ದಾಳೆ, ಮಗು ಪಕ್ಕದಲ್ಲಿದೆ, ಮನೆಯವರು ಸಿಹಿ ಹಂಚುತ್ತಿದ್ದಾರೆ. ಬಿಪಿ 110/70. ಮಾನಿಟರ್ ಕೂಗುತ್ತಿಲ್ಲ. ನಾಡಿ ಮಾತ್ರ 84 ಇದ್ದದ್ದು 100 ಆಗಿದೆ, ಸ್ವಲ್ಪ ಹೊತ್ತಿಗೆ 116. ‘ಸಿಸ್ಟರ್, ಯಾಕೋ ಬಾಯಾರಿಕೆ’ ಅನ್ನುತ್ತಾಳೆ. ಹೊರಗಿನಿಂದ ನೋಡಿದರೆ ಪ್ಯಾಡು ಅಷ್ಟೇನೂ ನೆನೆದಿರುವುದಿಲ್ಲ. ಆಗ ಹೊದಿಕೆ ಸರಿಸಿ ಸೊಂಟದ ಅಡಿಗೆ ಕೈ ಹಾಕಬೇಕು. ರಕ್ತ ಬೆನ್ನ ಕೆಳಗೆ ಹರಿದು ಮ್ಯಾಕಿಂಟಾಷ್ ರಬ್ಬರ್ ಶೀಟಿನ ಮೇಲೆ ಮಡುಗಟ್ಟಿರುತ್ತದೆ. ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಮೆತ್ತಗೆ ಸಿಗುತ್ತದೆ. ಒಂದು ಕೈಯಲ್ಲಿ ಅದನ್ನು ಉಜ್ಜುತ್ತಲೇ ಡಾಕ್ಟರನ್ನು ಕೂಗಬೇಕು, ಆಕ್ಸಿಟೋಸಿನ್ ತರಿಸಬೇಕು, ಎರಡನೇ ಲೈನ್ ಹಾಕಿಸಬೇಕು. ಹರೆಯದ ಹೆಣ್ಣುಮಕ್ಕಳ ದೇಹ ಬಿಪಿಯನ್ನು ಕೊನೆತನಕ ಹಿಡಿದಿಟ್ಟುಕೊಂಡು ಆಮೇಲೆ ಒಮ್ಮೆಗೇ ಕೈಬಿಡುತ್ತದೆ. ಬಿಪಿ ಬೀಳಲಿ ಅಂತ ಕಾದರೆ ತಡವಾಯಿತು ಅಂತಲೇ ಅರ್ಥ.

ನೀನು ಟೆಸ್ಟಿಂಗ್‌ನಲ್ಲಿ ಇರುವವಳು, ಸರಿಯಿದೆ ಅಂತ ಯಾರು ಹೇಳಿದರೂ ನಂಬದೆ ಇನ್ನೊಮ್ಮೆ ನೋಡುವುದೇ ನಿನ್ನ ಕೆಲಸ. ಆ ಅನುಮಾನವನ್ನು ಜೊತೆಗೆ ತಂದುಕೋ, ವಾರ್ಡಿನಲ್ಲಿ ಅದರಷ್ಟು ಉಪಯೋಗದ ಗುಣ ಇನ್ನೊಂದಿಲ್ಲ. ಹಿಂದಿನ ಪಾಳಿಯವರು ಚಾರ್ಟಿನಲ್ಲಿ ಉಸಿರಾಟ 20 ಅಂತ ಬರೆದಿದ್ದರೆ ಕೆಲವರು ಅದನ್ನೇ ಇಳಿಸಿಕೊಂಡು ಮುಂದೆ ಹೋಗುತ್ತಾರೆ. ನೀನು ಹೋಗುವುದಿಲ್ಲ, ನನಗೆ ಗೊತ್ತು. ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದುಕೊಂಡೇ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತೀಯ, ಯಾಕೆಂದರೆ ಉಸಿರು ಎಣಿಸುತ್ತಿದ್ದಾರೆ ಅಂತ ತಿಳಿದರೆ ರೋಗಿಯ ಉಸಿರೇ ಬದಲಾಗುತ್ತದೆ. ಲೆಕ್ಕವೂ ನಿನಗೆ ಕಷ್ಟವಾಗದು. 500 ಎಂ.ಎಲ್. ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟು ಎಂ.ಎಲ್.ಗೆ 20 ಹನಿಯದು ಅಂದರೆ ನಿಮಿಷಕ್ಕೆ 42 ಹನಿ ಅಂತ ಬಾಯಲ್ಲೇ ಹೇಳಿಬಿಡುತ್ತೀಯ. ಪೊಟ್ಯಾಸಿಯಂ ಕ್ಲೋರೈಡ್ ಕೊಡುವ ಮುಂಚೆ ಇನ್ನೊಬ್ಬರ ಕಣ್ಣಿಗೂ ತೋರಿಸಬೇಕು ಅಂದರೆ ನಿನಗೆ ಅವಮಾನ ಅನ್ನಿಸದು. ನಿನ್ನ ಕಂಪನಿಯಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಮುಂದಕ್ಕೆ ಬಿಡುತ್ತಾರೇನು?

ನಿನಗೆ ಕಷ್ಟವಾಗುವುದು ಬೇರೆ ಕಡೆ ಕಣೇ. ಕಂಪನಿಯಲ್ಲಿ ಸಮಸ್ಯೆ ಬರುತ್ತದೆ, ಬಗೆಹರಿಸಿ ಮುಚ್ಚುತ್ತೀರಿ. ಇಲ್ಲಿ ಎಷ್ಟೋ ತೊಂದರೆ ಬಗೆಹರಿಯುವುದಿಲ್ಲ. ವಾಸಿಯಾಗದ ಹುಣ್ಣಿಗೆ ದಿನಾ ಡ್ರೆಸ್ಸಿಂಗ್ ಮಾಡಬೇಕು, ನಿನ್ನೆಯಷ್ಟೇ ಶ್ರದ್ಧೆಯಿಂದ. ಪಾರ್ಶ್ವವಾಯು ಆದವರ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು. ಎಷ್ಟು ದಿನ ಮಾಡಿದರೂ ನಿನ್ನ ಸಾಧನೆ ಅಂತ ತೋರಿಸುವುದಕ್ಕೆ ಏನೂ ಇರುವುದಿಲ್ಲ, ಬೆನ್ನಿನ ಚರ್ಮ ಒಡೆದಿಲ್ಲ ಅನ್ನುವುದೊಂದು ಬಿಟ್ಟು. ಈ ಕೆಲಸ ನಿನಗೆ ತೃಪ್ತಿ ಕೊಡುತ್ತದೋ ಇಲ್ಲವೋ ಅನ್ನುವುದನ್ನು ಈಗಲೇ ತಿಳಿದುಕೊಳ್ಳಬೇಕು. ಮಾರತಹಳ್ಳಿ ಕಡೆ ಕರುಣಾಶ್ರಯ ಇದೆಯಲ್ಲ, ಕ್ಯಾನ್ಸರ್‌ನ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುವ ಜಾಗ, ನಿನ್ನ ಆಫೀಸಿಗೆ ದೂರವೇನಲ್ಲ. ಸ್ವಯಂಸೇವೆಗೆ ಬರಬಹುದೇ ಅಂತ ಕೇಳಿ ಕೆಲವು ಶನಿವಾರ ಹೋಗಿ ಬಾ. ಬೆಡ್‌ಪ್ಯಾನ್‌ನ ವಾಸನೆ ಹದಿನೈದು ದಿನಕ್ಕೆ ಅಭ್ಯಾಸವಾಗುತ್ತದೆ. ‘ನಾನು ಮನೆಗೆ ಯಾವಾಗ ಹೋಗ್ತೀನಮ್ಮಾ’ ಅಂತ ಕೇಳುವವರ ಪಕ್ಕ ಸುಳ್ಳು ಹೇಳದೆ ಕೂರುವುದು ಅಭ್ಯಾಸವಾಗುವುದಕ್ಕೆ ವರ್ಷಗಳೇ ಬೇಕು.

ಸಂಬಳದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ಸಂಬಳಕ್ಕೆ ಸಮನಾಗಿ ಕೊಡಬೇಕು ಅಂತ ಶಿಫಾರಸು ಮಾಡಿತು. ಇಷ್ಟು ವರ್ಷವಾದರೂ ಅದು ಎಲ್ಲ ಕಡೆ ಜಾರಿಗೆ ಬಂದಿಲ್ಲ, ಇದು ನನಗೆ ಈಗಲೂ ಹೊಟ್ಟೆ ಉರಿಯುವ ವಿಷಯ. ಜೀವ ಉಳಿಸುವ ಹುಡುಗಿ ಪಿ.ಜಿ. ಬಾಡಿಗೆಗೆ ಪರದಾಡಬೇಕೇ? ನೀನು ಮಾತ್ರ ಇದನ್ನು ತಿಳಿದೇ ಬಾ. ಮೂರು ವರ್ಷ ಆದಾಯವಿಲ್ಲ, ಆಮೇಲೂ ಈಗಿನಷ್ಟು ಬರುವುದಿಲ್ಲ. ಕಾರಿನ ಸಾಲ ಮೊದಲು ತೀರಿಸಿಬಿಡು.

ತರಗತಿಯಲ್ಲಿ ಹದಿನೆಂಟರ ಮಕ್ಕಳು ನಿನ್ನನ್ನು ‘ಅಕ್ಕಾ’ ಅನ್ನುತ್ತಾರೆ. ನಿನಗಿಂತ ಚಿಕ್ಕ ವಯಸ್ಸಿನ ಟ್ಯೂಟರ್ ಬೆಡ್ ಮೇಕಿಂಗ್ ಸರಿಯಿಲ್ಲ ಅಂತ ಎಲ್ಲರೆದುರು ಮತ್ತೆ ಮಾಡಿಸುತ್ತಾಳೆ. ಮಾಡು. ಹಾಸಿಗೆಯಲ್ಲಿ ಒಂದು ಸುಕ್ಕು ಉಳಿದರೂ ಎದ್ದು ಕೂರಲಾಗದವರ ಚರ್ಮಕ್ಕೆ ಅದು ಒತ್ತುತ್ತದೆ, ಅವಳು ಹೇಳುವುದು ಸರಿ.

ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ಅವಳಿಗೆ ಸಂಬಳಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ನೈಟ್ ಡ್ಯೂಟಿ, ನಿನ್ನ ಮಗ ಪುಟ್ಟ ರಾತ್ರಿ ಯಾರ ಹತ್ತಿರ ಮಲಗುತ್ತಾನೆ ಅನ್ನುವ ಯೋಚನೆ. ನಿನ್ನ ಗಂಡನನ್ನೂ ಕರೆದುಕೊಂಡು ಭಾನುವಾರ ಬಾ. ಮಗುವಿನ ಜವಾಬ್ದಾರಿ ಅವನು ಎಷ್ಟು ಹೊರುತ್ತಾನೆ ಅನ್ನುವುದನ್ನು ಅವನ ಬಾಯಿಂದಲೇ ಎಲ್ಲರೂ ಕೇಳಲಿ. ಬರುವಾಗ ಪಿಯುಸಿ ಅಂಕಪಟ್ಟಿ ತಾ.